ಕವಲು ಸೂಜಿ ಮತ್ತು ಸಿಡುಬಿನ ಕೊನೆ

ಕೇಳುಗರಿಗೆ ನಮಸ್ಕಾರ. ಶಿರಾ, ಪಾವಗಡ, ಮಧುಗಿರಿ ಕಡೆ ಮಾರಮ್ಮನ ಗುಡಿಯಿಲ್ಲದ ಊರು ಸಿಗುವುದು ಕಷ್ಟ. 'ಅಮ್ಮ' ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಬಂದದ್ದು ಸೀತಾಳೆಯಾದರೆ ಮಗು ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಚೇತರಿಸಿಕೊಳ್ಳುತ್ತಿತ್ತು. ದೊಡ್ಡ ಸಿಡುಬಾದರೆ ಹತ್ತರಲ್ಲಿ ಮೂವರು ಉಳಿಯುತ್ತಿರಲಿಲ್ಲ. ಗುರುತು ಹಿಡಿಯುವುದು ಹೀಗೆ: ಸಿಡುಬಿನ ಗುಳ್ಳೆ ಮುಖ, ಕೈಕಾಲಲ್ಲಿ ದಟ್ಟ, ಅಂಗೈ ಅಂಗಾಲಿಗೂ ಏಳುತ್ತದೆ, ಒಂದು ಜಾಗದ ಗುಳ್ಳೆಗಳೆಲ್ಲ ಒಂದೇ ಹದದಲ್ಲಿರುತ್ತವೆ. ಸೀತಾಳೆ ಎದೆ ಬೆನ್ನಿಗೆ ಹೆಚ್ಚು. ಹೊಸ ಗುಳ್ಳೆಯ ಪಕ್ಕದಲ್ಲೇ ಒಣಗಿದ ಹಕ್ಕಳೆ ಇರುತ್ತದೆ.

1962ರಲ್ಲಿ ದೇಶದ ಎಲ್ಲರಿಗೂ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವ ಕಾರ್ಯಕ್ರಮ ಶುರುವಾಯಿತು. ಲೆಕ್ಕದ ಪುಸ್ತಕ ತುಂಬಿತು, ರೋಗ ಹೋಗಲಿಲ್ಲ. ಸುಲಭವಾಗಿ ಕೈಗೆ ಸಿಗುವ ಶಾಲೆ ಮಕ್ಕಳಿಗೇ ಮತ್ತೆ ಮತ್ತೆ ಹಾಕಿದರು. ಹಸುಗೂಸುಗಳು, ಗುಳೆ ಹೋದವರು ತಪ್ಪಿಹೋದರು. ದ್ರವ ಲಸಿಕೆಯೋ ಬಿಸಿಲಿಗೆ ಬೇಗ ಕೆಡುತ್ತಿತ್ತು.

ಪುಡಿ ಲಸಿಕೆ ಬಂದ ಮೇಲೆ ಆ ಕಾಟ ತಪ್ಪಿತು. 37 ಡಿಗ್ರಿಯಲ್ಲೂ ತಿಂಗಳು ತಡೆಯುತ್ತಿತ್ತು. ಜೊತೆಗೆ ಬಂದದ್ದು ಕವಲು ಸೂಜಿ. ಅದರ ಎರಡು ಮೊನೆಗಳ ನಡುವೆ ನಿಲ್ಲುವುದು 0.0025 ಮಿಲಿಲೀಟರ್ ಹನಿ, ಅಷ್ಟೇ ಒಬ್ಬರ ಪಾಲು. ಮಣಿಕಟ್ಟನ್ನು ತೋಳಿನ ಮೇಲೆ ಊರಿ, ಸೂಜಿಯನ್ನು ನೆಟ್ಟಗೆ ಹಿಡಿದು, ಅರ್ಧ ಸೆಂಟಿಮೀಟರ್ ಜಾಗದೊಳಗೆ ಹದಿನೈದು ಸಲ ಬೇಗಬೇಗ ಚುಚ್ಚಬೇಕು. ಹದಿನೈದಿಪ್ಪತ್ತು ಸೆಕೆಂಡಿನಲ್ಲಿ ರಕ್ತ ತುಸು ಒಸರದಿದ್ದರೆ ಕೈ ಹಗುರಾಯಿತು ಎಂದರ್ಥ. ಚರ್ಮಕ್ಕೆ ಸ್ಪಿರಿಟ್ ಹಚ್ಚಬಾರದು, ಲಸಿಕೆಯ ಜೀವಂತ ವೈರಾಣು ಅದಕ್ಕೆ ಸಾಯುತ್ತದೆ. ವಾರದ ಹೊತ್ತಿಗೆ ಗುಳ್ಳೆ ಏಳದಿದ್ದರೆ ಮತ್ತೆ ಹಾಕಬೇಕು. ಕಲಸಿದ ಲಸಿಕೆ ಸಂಜೆಗೆ ಚೆಲ್ಲಬೇಕು, ಎಷ್ಟೇ ಉಳಿದಿರಲಿ.

ಆದರೂ ಸೂಜಿಗಿಂತ ದೊಡ್ಡ ಕೆಲಸ ಮಾಡಿದ್ದು ಹುಡುಕಾಟ. 1973ರಿಂದ ಕೆಲಸದ ರೀತಿ ಬದಲಾಯಿತು. ಸಿಡುಬಿನ ಮಗುವಿನ ಚಿತ್ರವಿದ್ದ ಕಾರ್ಡು ಹಿಡಿದು ಕಾರ್ಯಕರ್ತರು ಮನೆಮನೆ, ಶಾಲೆ, ಸಂತೆ ಸುತ್ತಿದರು. ಅಕ್ಕಿರಾಂಪುರದ ಕುರಿ ಸಂತೆಯಂಥ ಕಡೆ ಹತ್ತೂರಿನ ಸುದ್ದಿ ಒಂದೇ ದಿನ ಸಿಗುತ್ತದಲ್ಲ! ರೋಗಿ ಸಿಕ್ಕರೆ ಮನೆಗೆ ಕಾವಲು, ಸುತ್ತಲಿನವರಿಗೆಲ್ಲ ದಾಕು. ಸೋಂಕು ತಗುಲಿ ಮೂರು ನಾಲ್ಕು ದಿನದೊಳಗೆ ಹಾಕಿದರೂ ಬಹುಮಟ್ಟಿಗೆ ರಕ್ಷಣೆ ಸಿಗುತ್ತದೆ. ಕಾಯಿಲೆ ಹೊರಬೀಳಲು ಸುಮಾರು ಹನ್ನೆರಡು ದಿನ ಬೇಕು. ಆ ಬಿಡುವೇ ಬೇಲಿ ಕಟ್ಟಲು ಸಮಯ ಕೊಟ್ಟಿತು. ಪ್ರಾಣಿಗಳಲ್ಲಿ ಅಡಗಿ ಕೂರುವ ರೋಗವೂ ಇದಲ್ಲ.

ಭಾರತದ ಕೊನೆಯ ರೋಗಿ 1975ರ ಮೇ ತಿಂಗಳಲ್ಲಿ ಅಸ್ಸಾಮಿನ ಕರೀಂಗಂಜಿನಲ್ಲಿ ಸಿಕ್ಕಳು. ಸಹಜವಾಗಿ ಹರಡಿದ ಸಿಡುಬಿನ ಕೊನೆಯ ಪ್ರಕರಣ 1977ರಲ್ಲಿ ಸೊಮಾಲಿಯಾದಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಅಧಿವೇಶನ ನಿರ್ಮೂಲನೆಯನ್ನು ಘೋಷಿಸಿತು. ರೋಗ ಹೋದ ಮೇಲೆ ದಾಕು ಮುಂದುವರಿಸುವುದರಲ್ಲಿ ಅರ್ಥವಿರಲಿಲ್ಲ, ಏಕೆಂದರೆ ಮೊದಲ ಸಲ ಹಾಕಿಸಿಕೊಂಡ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರು ಆ ಲಸಿಕೆಯಿಂದಲೇ ಸಾಯುತ್ತಿದ್ದರು. ಇಂದಿನ ಮಕ್ಕಳ ಎಡಭುಜದ ಕಲೆ ಸಿಡುಬಿನ ದಾಕಿನದಲ್ಲ, ಬಿಸಿಜಿಯದು, ಕ್ಷಯಕ್ಕೆ ಹಾಕಿದ್ದು.