ಲಿಂಕ್ ಕಳಿಸಿದರೆ ಸಾಕೇ?

ಎಲ್ಲರಿಗೂ ನಮಸ್ಕಾರ. ಸಂಘಟಕರು ನನಗೆ ಕೊಟ್ಟ ವಿಷಯ ‘ಯುವ ನಿರ್ದೇಶಕರ ಕಿರುಚಿತ್ರಗಳು’. ಅದನ್ನು ನಾನು ಸ್ವಲ್ಪ ನನ್ನ ಕಡೆ ತಿರುಗಿಸಿಕೊಂಡಿದ್ದೇನೆ. ಕಿರುಚಿತ್ರ ಮಾಡುವುದು ಹೇಗೆ ಅಂತ ಹೇಳಿಕೊಡುವವರು ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮಾಡಿದ ಮೇಲೆ ಅದನ್ನು ತೋರಿಸುವುದು ಹೇಗೆ? ಈ ಬಗ್ಗೆ ಮಾತಾಡುವವರು ಕಡಿಮೆ. ಎಡಿಟಿಂಗ್ ಮುಗಿಯಿತು, ಅಪ್‌ಲೋಡ್ ಆಯಿತು, ವಾಟ್ಸ್ಯಾಪ್ ಗುಂಪುಗಳಿಗೆ ಲಿಂಕ್ ಹೋಯಿತು. ‘ಸೂಪರ್ ಮಗಾ’ ಅಂತ ಹತ್ತು ಉತ್ತರ ಬಂದವು. ಅಷ್ಟಕ್ಕೆ ಚಿತ್ರದ ಆಯಸ್ಸು ಮುಗಿಯಿತು.

ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ‘ಲಾ ಸಿನೆಫ್’ ಅಂತ ಒಂದು ವಿಭಾಗ ಇದೆ. 2024ರ ಮೇ ತಿಂಗಳಲ್ಲಿ ಅದರ ಮೊದಲ ಬಹುಮಾನ ಒಂದು ಕನ್ನಡ ಕಿರುಚಿತ್ರಕ್ಕೆ ಬಂತು. ಹೆಸರು ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ನಿರ್ದೇಶಕ ಮೈಸೂರಿನ ಚಿದಾನಂದ ಎಸ್. ನಾಯ್ಕ್. ಎಂಬಿಬಿಎಸ್ ಓದಿದ ಹುಡುಗ, ಪುಣೆಯ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಒಂದು ವರ್ಷದ ಟೆಲಿವಿಷನ್ ಕೋರ್ಸಿಗೆ ಸೇರಿ, ಕೋರ್ಸಿನ ಕೊನೆಯ ಅಭ್ಯಾಸವಾಗಿ ಮಾಡಿದ 16 ನಿಮಿಷದ ಚಿತ್ರ ಅದು. ಆ ವರ್ಷ ಜಗತ್ತಿನ 555 ಸಿನಿಮಾ ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಆಯ್ಕೆಯಾದದ್ದು 18. ಕಥೆ ಎಲ್ಲಿಯದು? ನಮ್ಮ ಅಜ್ಜಿಯರು ಹೇಳುತ್ತಿದ್ದ ಕೋಳಿಯ ಕಥೆಯೇ. ಮುದುಕಿಯೊಬ್ಬಳು ಹುಂಜ ಕದ್ದುಬಿಡುತ್ತಾಳೆ, ಊರಿಗೆ ಬೆಳಗಾಗುವುದೇ ನಿಂತುಹೋಗುತ್ತದೆ.

ಬಹುಮಾನದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ನಾವೆಲ್ಲ ಹೆಮ್ಮೆಪಟ್ಟೆವು. ಚಿತ್ರ ನೋಡಿದವರು ಎಷ್ಟು ಮಂದಿ? ಇಲ್ಲಿ ಕೈ ಎತ್ತಿ ಅಂತ ಕೇಳಿ ಮುಜುಗರ ಮಾಡುವುದಿಲ್ಲ, ಬಿಡಿ. ನಾನು ಹೇಳಬೇಕಾದದ್ದು ಬೇರೆ. ಸೂರ್ಯ ಹುಟ್ಟದ ಊರಿನ ಕಥೆ ಅಂದಮೇಲೆ ಕತ್ತಲೆಯೇ ಆ ಚಿತ್ರದ ಜೀವ. ಅಂಥದ್ದನ್ನು ಮಧ್ಯಾಹ್ನ ಬಸ್ಸಿನಲ್ಲಿ ಕೂತು ಫೋನಿನಲ್ಲಿ ನೋಡಿದರೆ ಏನು ಕಾಣುತ್ತದೆ? ಗಾಜಿನ ಮೇಲೆ ನಮ್ಮ ಮುಖವೇ ಕಾಣುತ್ತದೆ. ಪರದೆ, ಕತ್ತಲೆ, ಅಕ್ಕಪಕ್ಕ ನಾಲ್ಕು ಜನ. ಇವು ಬೇಕು ಅನ್ನುವುದು ಹಳೇ ಕಾಲದವರ ಹಟ ಅಲ್ಲ. ಚಿತ್ರ ಕಾಣಬೇಕಾದರೆ ಬೇಕು, ಅಷ್ಟೇ.

ಒಂದು ಕಾಲದಲ್ಲಿ ಪುಟ್ಟ ಚಿತ್ರಗಳಿಗೆ ಥಿಯೇಟರಿನಲ್ಲೇ ಜಾಗ ಇತ್ತು. 1948ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಫಿಲ್ಮ್ಸ್ ಡಿವಿಷನ್‌ನ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಸಿನಿಮಾಗೆ ಮುಂಚೆ ಹಾಕಲೇಬೇಕಿತ್ತು. ಜನ ಆ ಹೊತ್ತಿಗೆ ಹೊರಗೆ ಬೀಡಿ ಸೇದುತ್ತಾ ನಿಲ್ಲುತ್ತಿದ್ದರು ಅನ್ನುವುದೂ ನಿಜ! ಆಮೇಲೆ ಆ ಜಾಗವನ್ನು ಜಾಹೀರಾತುಗಳು ತಿಂದವು. ಕನ್ನಡದಲ್ಲಿ ಸಣ್ಣ ಕಥೆಗಳಿಗೆ ಥಿಯೇಟರ್ ಸಿಕ್ಕಿದ್ದು ಇನ್ನೊಂದು ದಾರಿಯಲ್ಲಿ. ಪುಟ್ಟಣ್ಣ ಕಣಗಾಲ್ 1976ರಲ್ಲಿ ಮೂರು ಕಥೆಗಳನ್ನು ಸೇರಿಸಿ ‘ಕಥಾ ಸಂಗಮ’ ಮಾಡಿದರು. 2019ರಲ್ಲಿ ರಿಷಬ್ ಶೆಟ್ಟಿ ಅದೇ ಹೆಸರಿಟ್ಟುಕೊಂಡು ಏಳು ನಿರ್ದೇಶಕರ ಏಳು ಕಿರುಚಿತ್ರಗಳನ್ನು ಒಂದೇ ಟಿಕೆಟ್ಟಿನಲ್ಲಿ ತೋರಿಸಿದರು. ಅದರಲ್ಲಿ ‘ಲಚ್ಚವ್ವ’ ಮಾಡಿದ ಜೈಶಂಕರ್ ಮುಂದೆ ಕೊಪ್ಪಳ ಜಿಲ್ಲೆಯ ಹಳ್ಳಿಯ ಕಥೆ ‘ಶಿವಮ್ಮ ಯರೇಹಂಚಿನಾಳ’ ಅನ್ನುವ ಪೂರ್ಣಾವಧಿ ಸಿನಿಮಾ ಮಾಡಿದರು. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗೆ ಕೊಡುವ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಅದಕ್ಕೆ ಬಂತು. ಉತ್ತರ ಕನ್ನಡದ ನಟೇಶ್ ಹೆಗಡೆಯವರೂ ಮೊದಲು ಕಿರುಚಿತ್ರ ಮಾಡಿದವರೇ. ಆಮೇಲೆ ಅವರ ಪೂರ್ಣಾವಧಿ ಸಿನಿಮಾ ‘ಪೆದ್ರೊ’ ಬಂತು.

ಈ ಹೆಸರುಗಳನ್ನು ಕೇಳಿದ ತಕ್ಷಣ ಹುಡುಗರ ಕಣ್ಣು ಅರಳುತ್ತದೆ. ‘ಅಂದ್ರೆ ಕಿರುಚಿತ್ರ ಒಂದು ವಿಸಿಟಿಂಗ್ ಕಾರ್ಡ್ ಅಲ್ವಾ ಸರ್?’ ನನಗೆ ಈ ಮಾತು ಹಿಡಿಸುವುದಿಲ್ಲ. ದೊಡ್ಡ ಸಿನಿಮಾ ಸಿಗಲಿ ಅಂತ ಮಾಡಿದ ಕಿರುಚಿತ್ರ ನೋಡಿದ ಕೂಡಲೇ ಗೊತ್ತಾಗುತ್ತದೆ. ಶುರುವಿನಲ್ಲೇ ಡ್ರೋನ್ ಶಾಟ್. ನಿಧಾನಕ್ಕೆ ನಡೆಯುವ ಹೀರೋ. ಕೊನೆಯಲ್ಲಿ ‘ಎಲ್ಲ ಕನಸು’ ಅಂತ ಒಂದು ಟ್ವಿಸ್ಟ್, ಇಲ್ಲವೇ ಒಂದು ಆತ್ಮಹತ್ಯೆ. ಹೆಸರುಗಳ ಪಟ್ಟಿ ಮಾತ್ರ ಚಿತ್ರಕ್ಕಿಂತ ಉದ್ದ. ನನ್ನ ತಕರಾರು ಹುಡುಗರ ಮೇಲಲ್ಲ. ಇಂಥ ಚಿತ್ರವನ್ನು ತುಂಬಿದ ಹಾಲಿನಲ್ಲಿ, ಪರಿಚಯವೇ ಇಲ್ಲದವರ ನಡುವೆ ಕೂತು ಒಮ್ಮೆ ನೋಡಿದರೆ ಸಾಕು, ನಿರ್ದೇಶಕನಿಗೇ ಅರ್ಥವಾಗುತ್ತದೆ. ಜನ ಎಲ್ಲಿ ಕೆಮ್ಮಿದರು, ಎಲ್ಲಿ ಫೋನ್ ತೆಗೆದರು, ತಾನು ಅಂದುಕೊಂಡಿರದ ಜಾಗದಲ್ಲಿ ಯಾಕೆ ನಕ್ಕರು. ಇದನ್ನು ಯಾವ ವ್ಯೂ ಲೆಕ್ಕವೂ ಹೇಳಿಕೊಡುವುದಿಲ್ಲ.

ಈಗ ಪ್ರಶಸ್ತಿಗಳ ಬಗ್ಗೆ ಎರಡು ಮಾತು. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ 2010ರಿಂದ ನಡೆಯುತ್ತಿದೆ. ಅಲ್ಲಿ ಗೆದ್ದರೆ ಆಸ್ಕರ್‌ನ ಕಿರುಚಿತ್ರ ವಿಭಾಗಕ್ಕೆ ಪ್ರವೇಶ ಕೋರುವ ಅರ್ಹತೆ ಸಿಗುತ್ತದೆ. ಅಂಥವಕ್ಕೆ ಧೈರ್ಯವಾಗಿ ಕಳಿಸಿ. ಆದರೆ ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವ ಆನ್‌ಲೈನ್ ಉತ್ಸವಗಳಿವೆ. ಶುಲ್ಕ ಕಟ್ಟಿದರೆ ‘ಬೆಸ್ಟ್ ಡೆಬ್ಯೂ ಡೈರೆಕ್ಟರ್’ ಅಂತ ಒಂದು ಪಿಡಿಎಫ್ ಬರುತ್ತದೆ. ಪೋಸ್ಟರಿನ ಸುತ್ತ ಉತ್ಸವಗಳು ಕೊಡುವ ಎಲೆಗಳ ಗುರುತು ಬೀಳುತ್ತದೆ. ಹಾಲ್ ಇಲ್ಲ, ಪರದೆ ಇಲ್ಲ, ನೋಡುವವರೂ ಇಲ್ಲ. ಶುಲ್ಕ ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ಯಾವ ಊರಿನ ಯಾವ ಹಾಲಿನಲ್ಲಿ ತೋರಿಸುತ್ತೀರಿ?’

ಇನ್ನು ತೋರಿಸುವವರಿಗೆ, ಅಂದರೆ ಕಾಲೇಜಿನವರು, ಫಿಲ್ಮ್ ಸೊಸೈಟಿಯವರು, ಊರಿನ ಕಲಾಸಂಘದವರಿಗೆ. ನಮ್ಮ ಸೆಮಿನಾರ್ ಹಾಲುಗಳ ಸ್ಪೀಕರ್ ಇರುವುದು ಭಾಷಣಕ್ಕೆ. ಅದರಲ್ಲಿ ಸಿನಿಮಾ ಹಾಕಿದರೆ ಮಾತು ಕಿರುಚುತ್ತದೆ, ಮಳೆಯ ಸದ್ದು ಸತ್ತುಹೋಗುತ್ತದೆ. ಹುಡುಗರ ಚಿತ್ರಗಳ ದೊಡ್ಡ ಕೊರತೆಯೇ ಶಬ್ದ. ಫೋನ್ ಕ್ಯಾಮೆರಾ ಚಿತ್ರವನ್ನು ಚೆಂದ ತೆಗೆಯುತ್ತದೆ, ಅದರ ಮೈಕು ಗಾಳಿಯನ್ನೂ ಫ್ಯಾನನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಹಿಂದಿನ ದಿನವೇ ಪ್ರತಿ ಚಿತ್ರದ ಎರಡು ನಿಮಿಷ ಹಾಕಿ, ಹಾಲಿನ ಕೊನೆ ಸಾಲಿನಲ್ಲಿ ಕೂತು ಕೇಳಿ. ವಾಟ್ಸ್ಯಾಪಿನಲ್ಲಿ ಬಂದ ಫೈಲ್ ಹಾಕಲೇಬೇಡಿ, ಅದು ಚಿತ್ರವನ್ನು ಹಿಂಡಿ ಕಳಿಸುತ್ತದೆ. ಮೂಲ ಫೈಲ್ ಪೆನ್‌ಡ್ರೈವಿನಲ್ಲಿ ತರಿಸಿಕೊಳ್ಳಿ.

ಚಿತ್ರಗಳ ಸರದಿಗೂ ತಲೆ ಓಡಿಸಬೇಕು. ಬಂದ ಕ್ರಮದಲ್ಲಿ ಹಾಕಿದರೆ ಎರಡು ಸಾವಿನ ಚಿತ್ರಗಳು ಒಂದರ ಹಿಂದೆ ಒಂದು ಬಂದು, ಎರಡನೆಯದು ಸುಮ್ನೆ ಹಾಳಾಗುತ್ತದೆ. ಒಟ್ಟು ಒಂದೂವರೆ ಗಂಟೆ ದಾಟಬೇಡಿ. ಮೂವತ್ತು ನಿಮಿಷದ್ದು ಒಂದಿದ್ದರೆ ಅದರ ಮುಂದೆ ಹಿಂದೆ ಚಿಕ್ಕವನ್ನು ಇಡಿ. ಎರಡು ಚಿತ್ರಗಳ ನಡುವೆ ನಿರೂಪಕರು ಮೈಕ್ ಹಿಡಿದು ‘ಈಗ ಒಂದು ಅದ್ಭುತ ಚಿತ್ರ’ ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಅರ್ಧ ನಿಮಿಷ ಕತ್ತಲೆ ಇದ್ದರೆ ಸಾಕು.

ನನಗೆ ಬಹಳ ಕಾಡುವುದು ಭಾಷೆಯ ವಿಷಯ. ನಮ್ಮ ಹುಡುಗರು ವಿದೇಶದ ಉತ್ಸವಕ್ಕೆ ಅಂತ ಇಂಗ್ಲಿಷ್ ಸಬ್‌ಟೈಟಲ್ ಹಾಕುತ್ತಾರೆ. ಒಳ್ಳೆಯದೇ. ಆದರೆ ತುಳು ಚಿತ್ರವೊಂದು ಧಾರವಾಡಕ್ಕೆ ಬಂದಾಗ, ಕೊಡವ ಚಿತ್ರ ಕಲಬುರಗಿಗೆ ಹೋದಾಗ, ನೋಡುವವರು ಆ ಇಂಗ್ಲಿಷನ್ನೇ ಓದಬೇಕು. ಕನ್ನಡ ಸಬ್‌ಟೈಟಲ್ ಹಾಕುವ ಯೋಚನೆಯೇ ಬರುವುದಿಲ್ಲ. ಹದಿನೈದು ನಿಮಿಷದ ಚಿತ್ರಕ್ಕೆ ಅದು ಒಂದೆರಡು ಸಂಜೆಯ ಕೆಲಸ. ಕಾಲೇಜಿನ ಕನ್ನಡ ವಿಭಾಗದವರು ಮನಸ್ಸು ಮಾಡಿದರೆ ವಿದ್ಯಾರ್ಥಿಗಳಿಗೂ ಒಳ್ಳೆಯ ಪಾಠ. ಒಬ್ಬರು ಮಾಡಿ ತೋರಿಸಿ, ಉಳಿದವರು ಕಲಿಯುತ್ತಾರೆ.

ಪ್ರದರ್ಶನ ಆದಮೇಲೆ ಮಾತುಕತೆ ಇರಲೇಬೇಕು. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಲ್ಲಿ ಶುರುವಾಯಿತು. ಇಂಥ ಸೊಸೈಟಿಗಳು ನಮಗೆ ಕಲಿಸಿದ್ದು ಇದನ್ನೇ: ಸಿನಿಮಾ ನೋಡಿದ ಮೇಲೆ ಅದರ ಬಗ್ಗೆ ಜಗಳ ಆಡಬಹುದು. ‘ಏನು ಸಂದೇಶ ಕೊಡಲು ಹೊರಟಿದ್ದೀರಿ?’ ಅಂತ ಮಾತ್ರ ಕೇಳಬೇಡಿ. ಚಿತ್ರ ಮಾಡಿದ ಹುಡುಗಿಯೋ ಹುಡುಗನೋ ಹೇಳಬೇಕಾದದ್ದನ್ನು ಚಿತ್ರದಲ್ಲಿ ಹೇಳಿಯಾಗಿದೆ. ಆ ಬಾಗಿಲನ್ನು ಅಷ್ಟು ಹೊತ್ತು ಯಾಕೆ ತೋರಿಸಿದಿರಿ, ತಂದೆಯ ಮುಖ ಯಾಕೆ ಒಮ್ಮೆಯೂ ಕಾಣಲಿಲ್ಲ ಅಂತ ಕೇಳಿ. ಆಗ ಅವರೂ ಬಾಯಿ ಬಿಡುತ್ತಾರೆ.

ಇನ್ನೊಂದೇ ಮಾತು, ಇದು ದುಡ್ಡಿನದು. ನಮ್ಮ ಕಾರ್ಯಕ್ರಮಗಳಲ್ಲಿ ಹಾಲಿಗೆ ಬಾಡಿಗೆ ಕೊಡುತ್ತೇವೆ, ಬ್ಯಾನರಿನವರಿಗೆ ಕೊಡುತ್ತೇವೆ, ಚಹಾದವರಿಗೆ ಕೊಡುತ್ತೇವೆ. ನನ್ನಂಥ ಅತಿಥಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಸಂಜೆಯಿಡೀ ಯಾರ ಚಿತ್ರದಿಂದ ನಡೆಯುತ್ತದೋ ಅವರಿಗೆ ಮಾತ್ರ ಏನೂ ಇಲ್ಲ. ‘ನಿಮಗೆ ವೇದಿಕೆ ಕೊಟ್ಟೆವಲ್ಲ’ ಅನ್ನುತ್ತೇವೆ. ಪ್ರತಿ ಚಿತ್ರಕ್ಕೆ ಐನೂರು ರೂಪಾಯಿಯಾದರೂ ಕೊಡುವ ಪದ್ಧತಿ ಶುರುವಾಗಲಿ. ಮೊತ್ತ ಸಣ್ಣದು, ನನಗೂ ಗೊತ್ತು. ಬಸ್ ಖರ್ಚಿಗಾದರೂ ಆಗುತ್ತದೆ. ಇವತ್ತು ನನಗಾಗಿ ತಂದಿಟ್ಟಿರುವ ಹಾರದ ಅಂಗಡಿ ಬಿಲ್ ಎಷ್ಟು ಅಂತ ಸಂಘಟಕರನ್ನು ಕೇಳಿದ್ದೇನೆ, ಅವರಿನ್ನೂ ಹೇಳಿಲ್ಲ.