ನೋವು ಬರಿಸುವಾಗ ಸ್ಕ್ಯಾನ್ ಮಷಿನ್ ಯಾಕೆ ಬರುತ್ತೆ?

ನಮಸ್ಕಾರ, ಶಿವಮೊಗ್ಗದಿಂದ. ತೀರ್ಥಹಳ್ಳಿಯ ಒಬ್ಬರು ಅಕ್ಕ ಕೇಳಿದ್ದಾರೆ: "ಮಗಳಿಗೆ ಡೇಟ್ ದಾಟಿತ್ತು, ನೋವು ಬರಿಸಬೇಕು ಅಂತ ಅಡ್ಮಿಟ್ ಮಾಡಿಕೊಂಡರು. ಅಷ್ಟು ಸಲ ಸ್ಕ್ಯಾನ್ ಆಗಿತ್ತು, ಲೇಬರ್ ವಾರ್ಡಿಗೂ ಮಷಿನ್ ತಂದರು. ಮಗುವಿಗೆ ತೊಂದರೆ ಇದ್ದರೆ ಮಾತ್ರ ಹೀಗೆ ಮಾಡೋದಾ?"

ಇಲ್ಲ ಅಕ್ಕ, ಹಾಗೇನಿಲ್ಲ.

ಮಾತ್ರೆ, ಜೆಲ್, ಡ್ರಿಪ್ ಎಲ್ಲ ನೀವು ಕೇಳಿರುತ್ತೀರಿ, ಅದನ್ನು ಬಿಡೋಣ. ಮೊದಲು ನೋಡೋದು ಗರ್ಭಕೋಶದ ಬಾಯಿ ಹದಕ್ಕೆ ಬಂದಿದೆಯಾ ಅಂತ. ಅದಕ್ಕೆ 1964ರಿಂದ ಬಿಷಪ್ ಸ್ಕೋರ್ ಅನ್ನೋ ಲೆಕ್ಕ ಇದೆ. ಎಷ್ಟು ತೆರೆದಿದೆ, ಎಷ್ಟು ಮೆತ್ತಗಿದೆ, ತಲೆ ಎಷ್ಟು ಇಳಿದಿದೆ ಅಂತ ಡಾಕ್ಟರ್ ಬೆರಳಿಂದ ಮುಟ್ಟಿ ಅಂಕ ಕೊಡುತ್ತಾರೆ. ನಾವು ಹಲಸಿನಕಾಯಿ ತಟ್ಟಿ ಬಲಿತಿದೆಯಾ ಅಂತ ಹೇಳುತ್ತೀವಲ್ಲ, ಹಾಗೆ. ಪಳಗಿದ ಕೈಗೆ ತಿಳಿಯುತ್ತೆ, ಆದರೆ ಇಬ್ಬರು ತಟ್ಟಿದರೆ ಎರಡು ಮಾತು ಬರಬಹುದು. ಬಾಯಿ ಮುಚ್ಚಿದ್ದರೆ ಒಳತುದಿ ಬೆರಳಿಗೆ ಸಿಗೋದೇ ಇಲ್ಲ. ಸ್ಕ್ಯಾನಿನಲ್ಲಿ ಆ ಬಾಯಿಯ ಉದ್ದ ಪೂರ್ತಿ ಕಾಣುತ್ತೆ, ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬಹುದು.

ಈಗ ನನಗೆ ತುಂಬಾ ಇಷ್ಟವಾದ ವಿಷಯ, ಬಲೂನ್. ಮೂತ್ರಕ್ಕೆ ಹಾಕೋ, ತುದಿಯಲ್ಲಿ ಬಲೂನ್ ಇರೋ ಅದೇ ನಳಿಗೆ, ಫೋಲಿ ಕ್ಯಾತಿಟರ್! ಅದರ ತುದಿಯನ್ನು ಗರ್ಭಕೋಶದ ಬಾಯಿ ದಾಟಿಸಿ, ಬಲೂನಿಗೆ 30ರಿಂದ 80 ಮಿಲಿ ಸಲೈನ್ ತುಂಬುತ್ತಾರೆ. ಅದು ಒಳಗಿಂದ ಒತ್ತುತ್ತೆ, ಒತ್ತಿದ ಜಾಗದಲ್ಲಿ ದೇಹವೇ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಬಿಡುತ್ತೆ, ಬಾಯಿ ಮೆತ್ತಗಾಗುತ್ತಾ ತೆರೆಯುತ್ತೆ, ಸುಮಾರು 3 ಸೆಂಟಿಮೀಟರ್ ಆದಾಗ ಬಲೂನ್ ತಾನೇ ಜಾರಿ ಹೊರಗೆ ಬರುತ್ತೆ. ಎಷ್ಟು ಸರಳ ಅಲ್ವಾ? ಆದರೆ ದಾಟುವ ಮೊದಲೇ, ದಾರಿಯಲ್ಲೇ ಉಬ್ಬಿಸಿದರೆ ತಾಯಿಗೆ ಸುಮ್ನೆ ನೋವು, ಕೆಲಸವೂ ಆಗಲ್ಲ. ಆಗ ಹೊಟ್ಟೆಯ ಮೇಲೆ ಸ್ಕ್ಯಾನ್ ಮಷಿನ್ನಿನ ಪ್ರೋಬ್ ಇಟ್ಟು ನೋಡಿದರೆ ಜಾಗ ಗೊತ್ತಾಗುತ್ತೆ. ಮಷಿನ್ ಕಳಿಸೋ ಶಬ್ದವನ್ನು ನೀರು ವಾಪಸ್ ಕಳಿಸಲ್ಲ, ಅದಕ್ಕೇ ಸಲೈನ್ ತುಂಬಿದ ಬಲೂನ್ ಪರದೆ ಮೇಲೆ ದುಂಡನೆ ಕಪ್ಪಗೆ ಕಾಣುತ್ತೆ, ಅದರ ಮೇಲೆ ಮಗುವಿನ ತಲೆಯ ಬಿಳಿ ಗೆರೆ.

ಬಹಳ ಕಡೆ ಸ್ಕ್ಯಾನ್ ಇಲ್ಲದೆಯೇ ಬಲೂನ್ ಹಾಕುತ್ತಾರೆ, ಅದು ತಪ್ಪಲ್ಲ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ: ಮಾಸು ಬಾಯಿಗೆ ಅಡ್ಡ ಇದ್ದರೆ ನೋವು ಬರಿಸೋ ಹಾಗೇ ಇಲ್ಲ, ಅದು ಸ್ಕ್ಯಾನಿನಲ್ಲಿ ತಿಳಿಯುತ್ತೆ. ಮಗು ತಲೆ ಕೆಳಗಾಗಿದೆಯಾ, ಮುಖ ಯಾವ ಕಡೆ ಅನ್ನೋದೂ ತಿಳಿಯುತ್ತೆ. ಇದು ಎಕ್ಸ್‌ರೇ ಅಲ್ಲ, ಬರೀ ಶಬ್ದದ ಅಲೆ. ಹಾಗಂತ ಸ್ಕ್ಯಾನ್ ಮಾಡಿದ್ದಕ್ಕೆ ನಾರ್ಮಲ್ ಆಗೇ ಆಗುತ್ತೆ ಅಂತ ಯಾರೂ ಮಾತು ಕೊಡೋಕೆ ಆಗಲ್ಲ.

ಹೊಸನಗರ, ಆಗುಂಬೆ ಕಡೆಯವರೇ, ಎಷ್ಟೇ ಮಳೆ ಇರಲಿ, ಮೊದಲ ಮೂರು ತಿಂಗಳ ಸ್ಕ್ಯಾನ್ ತಪ್ಪಿಸಬೇಡಿ. ಡೇಟ್ ಸರಿಯಾಗಿ ಸಿಗೋದು ಅದರಲ್ಲೇ. ಆ ಡೇಟ್ ಸರಿ ಇದ್ದರೆ ಎಷ್ಟೋ ಜನರಿಗೆ ನೋವು ಬರಿಸೋ ಪ್ರಮೇಯವೇ ಬರಲ್ಲ.