ಮೇಯರಮ್ಮನ ಊರಿಗೆ ಸೈಕಲ್ ಸವಾರಿ

ಸದ್ದು ಕೇಳಿಸ್ತಿದ್ಯಾ? ಮೈಕ್ ಕೆಟ್ಟಿಲ್ಲ, ಇದು ಗಾಳಿ. ಐಂಡ್‌ಹೋವನ್ ಬಿಟ್ಟಾಗಿಂದ ಮುಖಕ್ಕೇ ಹೊಡೀತಿದೆ. ಹೋಗ್ತಿರೋದು ಮಿಡಲ್‌ಬೇರ್ಸ್‌ಗೆ. ನೋಡೋಕೆ ದೊಡ್ಡದೇನಿಲ್ಲ, ಆದ್ರೆ ನೆದರ್ಲೆಂಡ್ಸ್‌ನ ಮೊದಲ ಮಹಿಳಾ ಮೇಯರ್ ಆಳಿದ್ದು ಇಲ್ಲೇ.

ಅಯ್ಯೋ, ಮತ್ತೆ ಚೈನ್ ಬಿತ್ತು!

ಈ ಸೈಕಲ್ ಕಥೆ ಹೇಳ್ಲೇಬೇಕು. ಸೆಕೆಂಡ್ ಹ್ಯಾಂಡ್, 90 ಯೂರೋ. ಮಾರಿದವ್ನು "ಚೈನ್ ಹೊಸದು" ಅಂದ. ಹೊಸದೇ ಇರಬಹುದು, ಹಿಂದಿನ ಹಲ್ಲುಚಕ್ರ ಅವರಜ್ಜನ ಕಾಲದ್ದು! ಸರಿ ಮಾಡಿಸೋಕೆ ಕೇಳಿದ್ರೆ ಅಂಗಡಿಯವ್ನು 70 ಅಂದ. ಸೈಕಲ್ಲೇ 90ಕ್ಕೆ ತಗೊಂಡೋಳು ನಾನು, ಕೊಡ್ತೀನಾ? ಕೊಟ್ಟಿದ್ರೆ ಇವತ್ತು ಕೈಯೆಲ್ಲ ಗ್ರೀಸ್ ಆಗ್ತಿರಲಿಲ್ಲ, ಅದು ಬೇರೆ ಮಾತು.

ಹಾಂ, ಮೇಯರ್. ಇಲ್ಲಿ ಬುರ್ಗೆಮೇಸ್ಟರ್ ಅಂತಾರೆ. ಜನ ಓಟು ಹಾಕಿ ಆರಿಸೋ ಹುದ್ದೆ ಅಲ್ಲ. 1851ರ ಕಾಯ್ದೆಯಲ್ಲಿ ಕೌನ್ಸಿಲ್‌ನ ಆರಿಸೋದು ಊರಿನವರು, ಅದರ ಅಧ್ಯಕ್ಷನನ್ನ, ಅಂದ್ರೆ ಮೇಯರನ್ನ, ಆರು ವರ್ಷಕ್ಕೆ ನೇಮಿಸೋದು ರಾಜ. ಹಾಗಾಗಿ ಅದೊಂದು ನೌಕರಿ, ನಮ್ಮ ತಹಸೀಲ್ದಾರರ ಪೋಸ್ಟಿಂಗ್ ಥರ. ಆಗೆಲ್ಲ ಪುರಸಭೆ ಕಚೇರಿಯಲ್ಲಿ ಸಂಬಳ ಇಲ್ಲದೆ ಕೆಲಸ ಕಲೀಬೇಕಿತ್ತು, ಆಮೇಲೆ ಒಂದು ಪುಟ್ಟ ಹಳ್ಳಿ, ಅದೃಷ್ಟ ಇದ್ರೆ ದೊಡ್ಡ ಊರು. ಸಂಬಳ ಇಲ್ದೆ ಯಾರು ಕಲೀತಾರೆ ಹೇಳಿ? ಮನೇಲಿ ದುಡ್ಡಿದ್ದೋರ ಮಕ್ಕಳು! ನನಗಂತೂ ಈ ಪದ್ಧತಿ ಕಂಡ್ರೆ ಆಗಲ್ಲ.

ಬೋರ್ಡ್ ಬಂತು ನೋಡಿ. ಆಗಿನ ಪುರಸಭೆ ಹೆಸರು "ಓಸ್ಟ್, ವೆಸ್ಟ್ ಎನ್ ಮಿಡಲ್‌ಬೇರ್ಸ್", ಅಂದ್ರೆ ಮೂರು ಹಳ್ಳಿ ಸೇರಿಸಿ ಒಂದು. ಯುದ್ಧಕಾಲದಲ್ಲಿ ಇಲ್ಲಿ ಮೇಯರ್ ಆಗಿದ್ದ ಯಾನ್ ಸ್ಮುಲ್ಡರ್ಸ್ ಜರ್ಮನರ ಕ್ಯಾಂಪಿನಲ್ಲಿ ತೀರಿಹೋದ್ರು. 1946ರಲ್ಲಿ ಆ ಕುರ್ಚಿಗೆ ಬಂದಿದ್ದು ಅವರ ಹೆಂಡತಿ ಟ್ರೂಸ್. ಹೆಂಗಸರಿಗೆ ಓಟು ಸಿಕ್ಕಿದ್ದು 1919ರಲ್ಲಿ. ಲೆಕ್ಕ ಹಾಕಿ, ಒಬ್ಬಳು ಮೇಯರ್ ಆಗೋಕೆ ಇನ್ನೂ 27 ವರ್ಷ!

ಈಗ ಅನ್ಸುತ್ತೆ, ಚುನಾವಣೆ ಇಟ್ಟಿದ್ರೆ ಆ ಕಾಲದ ಹಳ್ಳಿ ಗಂಡಸರು ಇವರಿಗೆ ಓಟು ಹಾಕ್ತಿದ್ರಾ? ಅನುಮಾನ. ನೇಮಕ ಆಗಿದ್ದಕ್ಕೇ ಆಯ್ತೇನೋ. ಸರಿ, ಆಗ್ಲೇ ಬೈದಿದ್ದರಲ್ಲಿ ಅರ್ಧ ವಾಪಸ್ ತಗೋತೀನಿ. ಸಂಬಳದ ವಿಷ್ಯ ಮಾತ್ರ ಬಿಡಲ್ಲ.

ಅಂದಹಾಗೆ ಇಲ್ಲಿ ಮೇಯರ್‌ಗೂ ಕೊರಳಲ್ಲಿ ಒಂದು ಚೈನ್ ಇರುತ್ತೆ, ಸಮಾರಂಭಕ್ಕೆ ಹಾಕ್ಕೊಳ್ಳೋದು. ಅದು ಬಿದ್ದ ಸುದ್ದಿ ಇಲ್ಲ.

ಬ್ಯಾಟರಿ ಕೆಂಪಗಾಯ್ತು. ಓಸ್ಟೆಲ್‌ಬೇರ್ಸ್‌ನಲ್ಲಿ ಚರ್ಚು ಹೋಗಿ ಗೋಪುರ ಒಂದೇ ಉಳಿದಿದೆ, ಅದನ್ನ ತೋರಿಸಬೇಕಿತ್ತು. ಬೇಗ ಬೇಗ ತುಳೀತೀನಿ, ಚೈನ್ ಒಪ್ಪಿದ್ರೆ.